ಬಿಲ್ಲಿನಲ್ಲಿ ಕಾಣದ ದಡ

ಕರಾವಳಿಯ ಯಾವುದೇ ಪಟ್ಟಣದಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು ಮೀನೂಟದ ಹೋಟೆಲು ಇದ್ದೇ ಇರುತ್ತದೆ. ಅಲ್ಲಿ ಬಂಗುಡೆ ತವಾ ಫ್ರೈಗೆ ಒಂದು ದರ. ಬೆಳಿಗ್ಗೆ ಅದೇ ಬಂದರಿನಲ್ಲಿ ಹರಾಜಾದ ಬಂಗುಡೆ, ಕಡಲಿಗೆ ಮುಖಮಾಡಿ ನಿಂತ ಸೊಗಸಿನ ರೆಸ್ಟೋರೆಂಟಿನಲ್ಲಿ ಬಿಳಿ ತಟ್ಟೆಯ ಮೇಲೆ ಬಾಳೆಲೆಯ ತುಂಡು, ಎರಡೆಳೆ ಈರುಳ್ಳಿ, ಅರ್ಧ ಹೋಳು ಲಿಂಬೆಯೊಡನೆ ಬಂದಾಗ ಅದರ ದರವೇ ಬೇರೆ. ಮಸಾಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರುವುದಿಲ್ಲ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಬಸ್ ನಿಲ್ದಾಣದ ಹಿಂದಿನದೇ ಒಂದು ಕೈ ಮೇಲು. ಹಾಗಾದರೆ ಹೆಚ್ಚು ಕೊಟ್ಟ ಹಣ ಯಾವುದಕ್ಕೆ ಸಂದಾಯವಾಯಿತು? ಒಂದಷ್ಟು ಕುರ್ಚಿ-ಮೇಜಿಗೆ, ದೀಪಕ್ಕೆ, ಸಮವಸ್ತ್ರ ತೊಟ್ಟ ಮಾಣಿಗೆ, ಶುಚಿಯಾದ ಶೌಚಾಲಯಕ್ಕೆ. ಇವೆಲ್ಲ ಊರೊಳಗಿನ ಒಳ್ಳೆಯ ಹೋಟೆಲಿನಲ್ಲೂ ಸಿಗುತ್ತವೆ. ಅಲ್ಲಿ ಸಿಗದಿರುವುದು ಒಂದೇ, ನೀರು. ಗೋಡೆಯ ಬದಿಯ ಮೇಜು ಖಾಲಿಯಿದ್ದರೂ ಗಿರಾಕಿಗಳು ಅಂಚಿನ ಮೇಜಿಗಾಗಿ ಅರ್ಧ ಗಂಟೆ ಕಾಯಲು ಸಿದ್ಧರಿರುತ್ತಾರೆ. ಅಲ್ಲಿ ಮುಖ್ಯವಾಗಿ ಮಾರಾಟವಾಗುತ್ತಿರುವುದು ಏನು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಡುಗೆಯವನು ಬೇಯಿಸಿದ್ದು, ಮಾಲೀಕ ಕಟ್ಟಿಸಿದ್ದು ಎಲ್ಲವೂ ಬಿಲ್ಲಿನಲ್ಲಿ ಸಾಲುಸಾಲಾಗಿ ಇರುತ್ತದೆ. ಯಾರೂ ಬೇಯಿಸದ, ಯಾರೂ ಕಟ್ಟಿಸದ ದಡ ಮಾತ್ರ ಅದರಲ್ಲಿ ಕಾಣುವುದಿಲ್ಲ. ಅದರ ಬೆಲೆ ಉಳಿದ ಸಾಲುಗಳೊಳಗೆ ಕರಗಿರುತ್ತದೆ.

ನೀರಿನಂಚಿನಲ್ಲಿ ಕೂತು ಉಣ್ಣುವುದು ತಪ್ಪು ಎನ್ನುವುದು ನನ್ನ ವಾದವಲ್ಲ. ಸಂಜೆ ಗಾಳಿಗೆ ಮುಖವೊಡ್ಡಿ, ಬಿಸಿ ನೀರ್ ದೋಸೆ ಕೋಳಿ ಸಾರಿನಲ್ಲಿ ಅದ್ದಿ ತಿನ್ನುವ ಸುಖವನ್ನು ಅಲ್ಲಗಳೆಯುವವನು ಬಾಳನ್ನೇ ಅಲ್ಲಗಳೆದಂತೆ. ನನ್ನ ತಕರಾರು ಬೇರೆ. ಊರಿಗೆಲ್ಲ ಸೇರಿದ ನೋಟವನ್ನು ಸರಕು ಮಾಡಿ ಮಾರುವವನು ಆ ಊರಿಗೆ ಎರಡು ಋಣ ತೀರಿಸಬೇಕು: ತನ್ನ ಮೇಜಿಗೂ ನೀರಿಗೂ ನಡುವೆ, ಏನನ್ನೂ ಕೊಳ್ಳದವನೂ ನಡೆದುಹೋಗಬಹುದಾದ ದಾರಿ ಬಿಡಬೇಕು; ಗಳಿಕೆಯ ಒಂದು ಪಾಲನ್ನು ಆ ನೀರಿಗೇ ಹಿಂದಿರುಗಿಸಬೇಕು. ಇವೆರಡೂ ಇಲ್ಲದಿದ್ದರೆ, ಆ ರೆಸ್ಟೋರೆಂಟು ಎಷ್ಟೇ ಚೆಂದವಿರಲಿ, ಅದು ಒತ್ತುವರಿಯ ಸುಸಂಸ್ಕೃತ ರೂಪ.

ಅರ್ಥಶಾಸ್ತ್ರದಲ್ಲಿ ಈ ಮಾತಿಗೆ ಹಳೆಯ ಆಧಾರವಿದೆ. ಫಲವತ್ತಾದ ಹೊಲಕ್ಕೆ ಬರುವ ಗೇಣಿ ಒಡೆಯನ ಶ್ರಮದಿಂದ ಹುಟ್ಟುವುದಿಲ್ಲ, ಅಂಥ ನೆಲ ವಿರಳವಾಗಿರುವುದರಿಂದ ಹುಟ್ಟುತ್ತದೆ ಎಂದು ಡೇವಿಡ್ ರಿಕಾರ್ಡೊ 1817ರಲ್ಲೇ ವಿವರಿಸಿದ್ದ. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ: ನೆಲದ ಬೆಲೆ ಏರುವುದು ಸುತ್ತಲಿನ ಸಮಾಜದಿಂದ, ಆದ್ದರಿಂದ ಆ ಏರಿಕೆ ಸಮಾಜಕ್ಕೇ ಸಲ್ಲಬೇಕು ಎಂದ. ಜಾರ್ಜನ ಲೆಕ್ಕವನ್ನು ಇಡಿಯಾಗಿ ಒಪ್ಪಬೇಕಿಲ್ಲ. ಆದರೆ ನೀರಿನಂಚಿಗೆ ಅದು ಅಳತೆ ತೆಗೆದು ಹೊಲಿದಂತೆ ಒಪ್ಪುತ್ತದೆ. ಕೆರೆಯನ್ನೋ ಕಡಲನ್ನೋ ಹೋಟೆಲ್ ಮಾಲೀಕ ತರಲಿಲ್ಲ. ಇನ್ನಷ್ಟು ಬೇಕೆಂದರೆ ತರಲು ಅವನಿಂದ ಆಗುವುದೂ ಇಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ತಂದು ಹೊಲದ ಗೇಣಿಯ ಪ್ರಶ್ನೆಯನ್ನು ಅಷ್ಟು ಗಟ್ಟಿಯಾಗಿ ಎತ್ತಿಕೊಂಡ ಕರ್ನಾಟಕದಲ್ಲಿ, ದಡದ ಗೇಣಿಯ ಪ್ರಶ್ನೆ ಅಷ್ಟೇ ಗಟ್ಟಿಯಾಗಿ ಕೇಳಿಬರಲಿಲ್ಲ ಎನ್ನುವುದು ವಿಚಿತ್ರ.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. ಹಿಮಾಚಲದಲ್ಲಿ ಬಿಯಾಸ್ ನದಿಯ ಪಕ್ಕದ ಒಂದು ಐಷಾರಾಮಿ ಮೋಟೆಲು ಅರಣ್ಯಭೂಮಿಯನ್ನು ಗುತ್ತಿಗೆಗೆ ಪಡೆದಿತ್ತು. ನೆರೆಯಿಂದ ತನ್ನ ಆಸ್ತಿಯನ್ನು ಕಾಪಾಡಿಕೊಳ್ಳಲು ಯಂತ್ರಗಳನ್ನಿಳಿಸಿ ನದಿಯ ಪಾತ್ರವನ್ನೇ ತಿರುಗಿಸಲು ಹೊರಟಿತು. ಡಿಸೆಂಬರ್ 1996ರಲ್ಲಿ ಸುಪ್ರೀಂ ಕೋರ್ಟು ಆ ಗುತ್ತಿಗೆಯನ್ನು ರದ್ದುಪಡಿಸಿತು. ನದಿ, ದಡ, ಕಡಲತೀರಗಳಂಥ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾಗಿ ನೋಡಿಕೊಳ್ಳುವ ಧರ್ಮದರ್ಶಿ ಮಾತ್ರ ಎಂಬ ಸಾರ್ವಜನಿಕ ನ್ಯಾಸದ ತತ್ವವನ್ನು ಭಾರತದ ಕಾನೂನಿನ ಭಾಗವೆಂದು ಸಾರಿದ್ದು ಈ ತೀರ್ಪೇ. ಗಾಳಿ, ಹರಿಯುವ ನೀರು, ಸಮುದ್ರ ಮತ್ತು ಅದರ ತೀರ ಎಲ್ಲರಿಗೂ ಸೇರಿದ್ದು ಎಂಬ ಜಸ್ಟಿನಿಯನ್ ಚಕ್ರವರ್ತಿಯ ಕಾಲದ ರೋಮನ್ ಕಾನೂನಿನವರೆಗೆ ಈ ತತ್ವದ ಬೇರು ಹೋಗುತ್ತದೆ. ದೇವಸ್ಥಾನದ ಧರ್ಮದರ್ಶಿ ಉತ್ಸವಮೂರ್ತಿಯನ್ನು ಅಡವಿಟ್ಟರೆ ಊರು ಸುಮ್ಮನಿರುವುದಿಲ್ಲ. ಕೆರೆಯಂಗಳವನ್ನು ಗುತ್ತಿಗೆಗೆ ಕೊಟ್ಟಾಗ ಮಾತ್ರ ಅದನ್ನು ಅಭಿವೃದ್ಧಿ ಎಂದು ಒಪ್ಪಿಕೊಳ್ಳುತ್ತೇವೆ.

ಬೆಂಗಳೂರು ಈ ಪಾಠವನ್ನು ತನ್ನದೇ ಕೆರೆಗಳಲ್ಲಿ ಕಲಿಯಬೇಕಾಯಿತು. ಕೆರೆಗಳ ರಕ್ಷಣೆಗೆಂದೇ 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ, ನಿರ್ವಹಣೆಗೆ ಹಣವಿಲ್ಲವೆಂಬ ಕಾರಣ ಕೊಟ್ಟು ಕೆಲವು ಕೆರೆಗಳನ್ನು ಖಾಸಗಿಯವರಿಗೆ ವರ್ಷಗಟ್ಟಲೆ ಗುತ್ತಿಗೆಗೆ ಒಪ್ಪಿಸಿತು. ಹೆಬ್ಬಾಳ ಕೆರೆ ಹೆಸರಾಂತ ಹೋಟೆಲ್ ಸಮೂಹವೊಂದರ ಪಾಲಾಯಿತು; ನಾಗವಾರ ಕೆರೆಯ ಅಂಚಿನಲ್ಲಿ ಟಿಕೆಟ್ಟಿನ ಉದ್ಯಾನ, ದೋಣಿವಿಹಾರ, ತಿಂಡಿ ಮಳಿಗೆಗಳು ಬಂದವು. 2008ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿನ ಬಾಗಿಲು ತಟ್ಟಿತು. ಮುಂದೆ ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದ ಸಮಿತಿ ರಚನೆಯಾಗಿ, ಖಾಸಗೀಕರಣದ ಓಟಕ್ಕೆ ಕಡಿವಾಣ ಬಿತ್ತು. ಆ ವಿವಾದದಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪ್ರಾಧಿಕಾರ ಕೆರೆಯನ್ನು ಮಾರಲಿಲ್ಲ, ನೀರೂ ಅಲ್ಲೇ ಇತ್ತು. ಬದಲಾದದ್ದು ಬೇಲಿ ಮತ್ತು ಗೇಟು. ದನ ಮೇಯಿಸುವವರು, ಹುಲ್ಲು ಕೊಯ್ಯುವವರು, ಗಾಳ ಹಾಕುವವರು, ಬೆಳಗಿನ ವಾಯುವಿಹಾರದವರು, ಹಕ್ಕಿ ನೋಡುವವರು ಬರುವ ಜಾಗಕ್ಕೆ ಪ್ರವೇಶ ದರ ನಿಗದಿಯಾದರೆ ಅದು ಹೆಸರಿಗಷ್ಟೇ ಊರ ಕೆರೆ.

ಇಲ್ಲಿ ಬರುವ ಮೊದಲ ಆಕ್ಷೇಪಣೆ ಗಂಭೀರವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಖಾಸಗಿಯವನು ಬರುವ ಮುಂಚೆ ಆ ದಡ ಹೇಗಿತ್ತು ನೋಡಿ, ಎನ್ನುತ್ತಾರೆ. ಕಟ್ಟಡ ಒಡೆದ ಮಣ್ಣು, ಕೋಳಿ ಅಂಗಡಿಯ ತ್ಯಾಜ್ಯ, ಒಡೆದ ಬಾಟಲಿ, ಸಂಜೆಯಾದರೆ ಹೆಂಗಸರು ಕಾಲಿಡಲು ಹೆದರುವ ಕತ್ತಲು. ರೆಸ್ಟೋರೆಂಟು ಬಂತು, ದೀಪ ಬಂತು, ಕಾವಲು ಬಂತು, ಜನ ಬಂದರು. ಎಲ್ಲರದ್ದು ಎಂದು ಬಿಟ್ಟದ್ದು ಕೊನೆಗೆ ಯಾರದ್ದೂ ಆಗುವುದಿಲ್ಲ ಎಂಬುದು ನಮ್ಮ ಪುರಸಭೆಗಳು ದಿನವೂ ಸಾಬೀತುಪಡಿಸುವ ಸತ್ಯ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ಸಿಂಗಪುರದ ನದಿ ಹೇಳುತ್ತದೆ. ಇಂದು ಬೋಟ್ ಕ್ವೇ, ಕ್ಲಾರ್ಕ್ ಕ್ವೇಗಳ ನದಿಯಂಚಿನ ಮೇಜುಗಳು ಜಗತ್ತಿನ ಪ್ರವಾಸಿಗರ ಫೋಟೋಗಳಲ್ಲಿವೆ. ಆದರೆ 1977ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಹತ್ತು ವರ್ಷದೊಳಗೆ ನದಿ ಶುದ್ಧವಾಗಬೇಕೆಂದು ಗಡುವು ಹಾಕಿದಾಗ ಅದೊಂದು ನಾರುವ ಕಪ್ಪು ಕಾಲುವೆ. ಮೇಲ್ಭಾಗದ ಹಂದಿ ಮತ್ತು ಬಾತುಕೋಳಿ ಸಾಕಣೆಗಳನ್ನು ಎತ್ತಿಸಿದರು, ಒಳಚರಂಡಿ ಹಾಕಿದರು, ಹೂಳು ತೆಗೆದರು, ಬೀದಿಬದಿಯ ಸಾವಿರಾರು ತಿಂಡಿ ವ್ಯಾಪಾರಿಗಳನ್ನು ನಲ್ಲಿ-ಚರಂಡಿಯಿದ್ದ ಆಹಾರ ಕೇಂದ್ರಗಳಿಗೆ ಸ್ಥಳಾಂತರಿಸಿದರು, ಸರಕು ದೋಣಿಗಳನ್ನು 1983ರಲ್ಲಿ ಬೇರೆ ಕಡೆ ಕಳಿಸಿದರು. 1987ರ ಹೊತ್ತಿಗೆ ಕೆಲಸ ಮುಗಿದಿತ್ತು. ಬೋಟ್ ಕ್ವೇಯ ಹಳೆಯ ಅಂಗಡಿ ಮನೆಗಳು 1989ರಲ್ಲಿ ಸಂರಕ್ಷಿತವಾದವು. ರೆಸ್ಟೋರೆಂಟುಗಳ ಸಾಲು ಬಂದದ್ದು ಅದಾದ ಮೇಲೆ. ಅಂದರೆ ನದಿಯನ್ನು ತೊಳೆದದ್ದು ತೆರಿಗೆಯ ಹಣ, ಅದಕ್ಕಾಗಿ ಜಾಗ ಬಿಟ್ಟವರು ದೋಣಿಯವರು ಮತ್ತು ಗಾಡಿಯವರು. ನೋಟವನ್ನು ಮಾರುವವರು ಆಮೇಲೆ ಬಂದರು. ಸರಕು ದೋಣಿಗಳಿಲ್ಲದ ಆ ನದಿ ಬದುಕು ಕಳೆದುಕೊಂಡು ಬರೀ ಅಲಂಕಾರವಾಯಿತು ಎಂದು ಕೊರಗುವವರೂ ಇದ್ದಾರೆ, ಆ ಕೊರಗಿಗೆ ಅರ್ಥವಿದೆ. ನನ್ನ ವಾದಕ್ಕೆ ಬೇಕಾದದ್ದು ಕಾಲಾನುಕ್ರಮ ಮಾತ್ರ: ದಡದ ಬೆಲೆ ಹುಟ್ಟಿದ್ದು ಸಾರ್ವಜನಿಕ ಖರ್ಚಿನಿಂದ. ಆ ಬೆಲೆಯ ಮೇಲೆ ವ್ಯಾಪಾರ ಮಾಡುವವನನ್ನು ದಡದ ಉದ್ಧಾರಕನೆಂದು ಕರೆಯುವುದು ಲೆಕ್ಕವನ್ನು ತಲೆಕೆಳಗು ಮಾಡಿದಂತೆ.

ಎರಡನೆಯ ಆಕ್ಷೇಪಣೆ ಹೆಚ್ಚು ವ್ಯಾವಹಾರಿಕ. ಮೇಜಿಗೂ ನೀರಿಗೂ ನಡುವೆ ದಾರಿ ಬಿಟ್ಟರೆ ಗಿರಾಕಿಯ ಏಕಾಂತ ಹೋಯಿತು. ಬೀದಿಯವರು ತಟ್ಟೆ ನೋಡುತ್ತ ಹೋದರೆ ಊಟದ ಸೊಗಸು ಕೆಡುತ್ತದೆ. ಸೊಗಸು ಕೆಟ್ಟರೆ ವ್ಯಾಪಾರ ಕೆಟ್ಟಿತು. ಕೇಳಲು ಸರಿಯೆನಿಸುವ ಈ ಮಾತನ್ನು ಮುಂಬಯಿಯ ಮರೀನ್ ಡ್ರೈವ್ ಸಂಜೆ ಸಂಜೆಯೂ ಸುಳ್ಳು ಮಾಡುತ್ತದೆ. ಅಲ್ಲಿ ಹೋಟೆಲುಗಳೆಲ್ಲ ರಸ್ತೆಯ ಒಳಬದಿಗೆ. ಅವುಗಳ ಮುಂದೆ ಪಾದಚಾರಿ ಮಾರ್ಗ, ಆಮೇಲೆ ವಾಹನಗಳ ಹೊಳೆ, ಆಮೇಲೆ ಕಡಲ ಬದಿಯ ಅಗಲವಾದ ನಡಿಗೆಯ ದಾರಿ, ಕೂರಲು ಕಲ್ಲು-ಕಾಂಕ್ರೀಟಿನ ಕಟ್ಟೆ, ಕೊನೆಗೆ ಅಲೆಯನ್ನು ತಡೆಯುವ ನಾಲ್ಕು ಕಾಲಿನ ಕಾಂಕ್ರೀಟು ಗುಂಡುಗಳು. ಮೂರು ಕಿಲೋಮೀಟರಿಗೂ ಮೀರಿದ ಆ ಕಟ್ಟೆಯ ಮೇಲೆ ಲೋಕಲ್ ರೈಲು ಹಿಡಿಯುವ ಮುನ್ನ ಹತ್ತು ನಿಮಿಷ ಕೂರುವ ಗುಮಾಸ್ತ, ಕಾಲೇಜು ತಪ್ಪಿಸಿ ಬಂದ ಜೋಡಿ, ಊರಿನಿಂದ ಬಂದ ನೆಂಟರಿಗೆ ಸಮುದ್ರ ತೋರಿಸಲು ಬಂದ ಸಂಸಾರ, ಸೈಕಲ್ಲಿನ ಮೇಲೆ ಚಹಾ ಮಾರುವವನು, ಕಾಗದದ ಪೊಟ್ಟಣದಲ್ಲಿ ಶೇಂಗಾ ಕೊಡುವವನು. ಅವರ ಬೆನ್ನ ಹಿಂದೆ, ರಸ್ತೆಯಾಚೆ, ಗಾಜಿನೊಳಗೆ ದುಬಾರಿ ಊಟ. ಶೇಂಗಾದವನ ಗಿರಾಕಿಗೂ ಪಂಚತಾರಾ ಹೋಟೆಲಿನ ಗಿರಾಕಿಗೂ ಮುಳುಗುವ ಸೂರ್ಯ ಒಂದೇ. ಮೊದಲಿನವನು ನೀರಿಗೆ ಇನ್ನಷ್ಟು ಹತ್ತಿರ. ಹೀಗಿದ್ದೂ ಆ ಹೋಟೆಲುಗಳು ನೋಟದ ದರವನ್ನು ಇಳಿಸಿಲ್ಲ, ಇಳಿಸುವ ಪ್ರಮೇಯವೂ ಬಂದಿಲ್ಲ. 2018ರಲ್ಲಿ ಯುನೆಸ್ಕೊ ಮುಂಬಯಿಯ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡ ಸಮೂಹವನ್ನು ವಿಶ್ವಪರಂಪರೆಗೆ ಸೇರಿಸಿದಾಗ ಮರೀನ್ ಡ್ರೈವಿನ ಕಟ್ಟಡಸಾಲಿಗೂ ಅದರಲ್ಲಿ ಜಾಗ ಸಿಕ್ಕಿತು. ನನ್ನ ಮಟ್ಟಿಗೆ ಅಲ್ಲಿನ ದೊಡ್ಡ ಪರಂಪರೆ ಆ ಕಟ್ಟೆ.

ಮರೀನ್ ಡ್ರೈವು ಸಮುದ್ರ ತುಂಬಿಸಿ ಮಾಡಿದ ನೆಲ, ಮೊದಲಿನಿಂದಲೇ ಹಾಗೆ ಯೋಜಿಸಿದ್ದು, ಎಲ್ಲೆಡೆ ಹಾಗೆ ಆದೀತೇ ಎಂದು ಕೇಳಬಹುದು. ಆಗಲೇ ಕಟ್ಟಿ ಮುಗಿದ ಊರಿಗೂ ಇದು ಸಾಧ್ಯ ಎನ್ನುವುದಕ್ಕೆ ಅಮೆರಿಕದ ಬಾಸ್ಟನ್ ಇದೆ. ಅಲ್ಲೂ ಬಂದರಿನ ಸುತ್ತಲ ನೆಲದ ಬಹುಪಾಲು ನೀರಿಗೆ ಮಣ್ಣು ತುಂಬಿಸಿ ಪಡೆದದ್ದು. ಗೋದಾಮು, ಧಕ್ಕೆ, ಖಾಸಗಿ ಸ್ವತ್ತುಗಳಿಂದ ಇಡಿಕಿರಿದಿದ್ದದ್ದು. ಮೀನುಗಾರಿಕೆ, ಹಕ್ಕಿ ಬೇಟೆ, ದೋಣಿ ಸಂಚಾರಕ್ಕೆ ತೀರ ಎಲ್ಲರಿಗೂ ತೆರೆದಿರಬೇಕು ಎಂಬ 1640ರ ದಶಕದ ವಸಾಹತು ಕಟ್ಟಳೆಯನ್ನೇ ಆಧಾರವಾಗಿಟ್ಟುಕೊಂಡು ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಜಲತೀರದ ಕಾನೂನನ್ನು ಬೆಳೆಸಿತು. ಅದರ ಪ್ರಕಾರ ಅಂಥ ನೆಲದಲ್ಲಿ ಹೊಸದಾಗಿ ಕಟ್ಟುವವನಿಗೆ ಪರವಾನಗಿ ಬೇಕು, ಪರವಾನಗಿ ಬೇಕಾದರೆ ಜನರಿಗೆ ನೀರಿನಂಚಿನಲ್ಲಿ ದಾರಿ ಬಿಡಬೇಕು. ಹೀಗೆ ತುಂಡು ತುಂಡಾಗಿ ಸೇರುತ್ತ ಸೇರುತ್ತ ಬಾಸ್ಟನ್ನಿನ ಬಂದರು ದಾರಿ ಇಂದು ಸುಮಾರು 43 ಮೈಲಿ ಉದ್ದವಾಗಿದೆ. ಆ ದಾರಿಯ ಪಕ್ಕ ರೆಸ್ಟೋರೆಂಟುಗಳು ಬೇಕಾದಷ್ಟಿವೆ. ದಾರಿಯಲ್ಲಿ ಓಡಾಡುವವರೇ ಅವುಗಳ ಗಿರಾಕಿಗಳು ಕೂಡ.

ಇಷ್ಟು ಹೊತ್ತು ದಡವನ್ನು ನೋಟವೆಂದೇ ಮಾತಾಡಿದ್ದಾಯಿತು. ನೋಡಲು ಬಂದವರ ಭಾಷೆ ಅದು. ಅಲ್ಲೇ ಹುಟ್ಟಿ ಬೆಳೆದವರಿಗೆ ದಡ ಕೆಲಸದ ಜಾಗ. ಕರ್ನಾಟಕದ ಕರಾವಳಿಯಲ್ಲಿ ಒಂದು ಕಾಲಕ್ಕೆ ರಂಪಣಿ ಬಲೆ ಎಂದರೆ ಇಡೀ ಕೇರಿಯ ಹಬ್ಬ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದ ಮೇಲಿಂದ ಹತ್ತಾರು ಜನ ಎಳೆಯುತ್ತಿದ್ದರು. ಎಳೆಯಲು ಕೈಕೊಟ್ಟವರಿಗೆಲ್ಲ ಪಾಲು. ಅದಕ್ಕೆ ಮೊದಲು ಬೇಕಾದದ್ದು ಬೇಲಿಯಿಲ್ಲದ ಉದ್ದನೆಯ ಮರಳು. ರಂಪಣಿ ಅಳಿದದ್ದು ಹೋಟೆಲುಗಳಿಂದಲ್ಲ, 1970ರ ದಶಕದ ಉತ್ತರಾರ್ಧದಲ್ಲಿ ಬಂದ ಪರ್ಸೀನ್ ಬಲೆಯಿಂದ. ಆ ದೋಷವನ್ನು ರೆಸ್ಟೋರೆಂಟಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅದರ ಕಿರಿಯ ರೂಪವಾದ ಕೈರಂಪಣಿ ಇನ್ನೂ ಉಳಿದಿದೆ. ಹೊನ್ನಾವರದ ಕಾಸರಕೋಡು ಟೊಂಕದಂಥ ಕಡೆ ಹೆಂಗಸರು ಈಗಲೂ ಮರಳಿನ ಮೇಲೆ ಮೀನು ಹರವಿ ಒಣಗಿಸುತ್ತಾರೆ. ಒಣಮೀನಿನ ವಾಸನೆ, ಹೊಲಿಗೆಗೆಂದು ಹರಡಿದ ಬಲೆ, ಮಗುಚಿಟ್ಟ ದೋಣಿ ಇವು ಯಾವುವೂ ಸೊಗಸಿನ ರೆಸ್ಟೋರೆಂಟಿನ ನೋಟಕ್ಕೆ ಹೊಂದುವುದಿಲ್ಲ. ಹೊಂದಿದರೂ ಗೋಡೆಗೆ ತೂಗುಹಾಕಿದ ಕಪ್ಪು-ಬಿಳುಪು ಫೋಟೋ ಆಗಿ ಮಾತ್ರ. ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳು ಲಂಗರು ಹಾಕಿ, ಮೀನುಗಾರರ ಮನೆಯಲ್ಲಿ ಕೈ ಬಿಗಿಯಾದಾಗಲೂ ಅಂಚಿನ ಮೇಜುಗಳಲ್ಲಿ ಮೀನಿಗೆ ಬರವಿಲ್ಲ. ವಿಯೆಟ್ನಾಮಿನ ಬಾಸಾ, ನಾರ್ವೆಯ ಸಾಲ್ಮನ್ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂದಿಳಿಯುತ್ತವೆ. ಕಣ್ಣೆದುರಿಗೆ ಅರಬ್ಬಿ ಸಮುದ್ರ, ತಟ್ಟೆಯಲ್ಲಿ ಮೆಕಾಂಗ್ ನದಿ!

ನೋಟದವರಿಗೂ ಕೆಲಸದವರಿಗೂ ದಡಕ್ಕಾಗಿ ಜಗಳವಾದಾಗ ಏನಾಗುತ್ತದೆ ಎಂಬುದಕ್ಕೆ ಕೇರಳದ ವೆಂಬನಾಡು ಸರೋವರದ ನೆಡಿಯತುರುತ್ತು ದ್ವೀಪ ಉದಾಹರಣೆ. ಅಲ್ಲಿ 54 ವಿಲ್ಲಾಗಳ ರೆಸಾರ್ಟು ತಲೆಯೆತ್ತಿದಾಗ ನ್ಯಾಯಾಲಯಕ್ಕೆ ಹೋದವರಲ್ಲಿ, ನೀರಿನಲ್ಲಿ ಕಂಬ ನೆಟ್ಟು ಕಟ್ಟುತ್ತಿದ್ದ ತಮ್ಮ ಬಲೆಗಳು ನಾಶವಾದವೆಂದು ದೂರಿದ ಸ್ಥಳೀಯ ಮೀನುಗಾರರಿದ್ದರು. 2013ರಲ್ಲಿ ಕೇರಳ ಹೈಕೋರ್ಟು ಕೆಡವಲು ಹೇಳಿತು, ಜನವರಿ 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, 2022ರಲ್ಲಿ ಕೆಡವುವ ಕೆಲಸ ಶುರುವಾಯಿತು. ಮೀನುಗಾರರು ಗೆದ್ದರು ನಿಜ, ಆದರೆ ಎಷ್ಟು ವರ್ಷಕ್ಕೆ! ಇಂಥ ಗೆಲುವುಗಳನ್ನು ನಂಬಿ ದಡ ಕಾಯಲಾಗುವುದಿಲ್ಲ. ಅದೂ ನಿಯಮಗಳೇ ಸಡಿಲಾಗುತ್ತಿರುವಾಗ. 1991ರಲ್ಲಿ ಮೊದಲ ಬಾರಿಗೆ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಗ್ರಾಮೀಣ ತೀರದಲ್ಲಿ ಭರತರೇಖೆಯಿಂದ 200 ಮೀಟರ್ ಒಳಗೆ ಹೊಸ ನಿರ್ಮಾಣ ಬೇಡವೆಂದಿತ್ತು. ಜನವರಿ 2019ರ ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಪ್ರವಾಸಿಗರಿಗಾಗಿ ತಾತ್ಕಾಲಿಕ ಗುಡಿಸಲು ಮಳಿಗೆಗಳನ್ನು ನೀರಿನ ಗೆರೆಯಿಂದ 10 ಮೀಟರ್ ದೂರದಲ್ಲೇ ಹಾಕಬಹುದೆಂದಿತು. ಮಳೆಗಾಲಕ್ಕೆ ಮುಂಚೆ ಬಿಚ್ಚಿಡುವ ತಾತ್ಕಾಲಿಕ ಮಳಿಗೆಯನ್ನು ನಾನು ವಿರೋಧಿಸುವುದಿಲ್ಲ. ಕಾಂಕ್ರೀಟಿಗಿಂತ ಅದು ಎಷ್ಟೋ ವಾಸಿ. ನಮ್ಮಲ್ಲಿ ತಾತ್ಕಾಲಿಕ ಎಂಬುದಕ್ಕೆ ಎಷ್ಟು ಆಯುಸ್ಸು ಎಂದು ಬಲ್ಲವರಿಗೆ ಆತಂಕವಾಗುವುದೂ ಸಹಜ.

ಇನ್ನು ಹಿಂದಿರುಗಿಸಬೇಕಾದ ಪಾಲಿನ ಮಾತು. ಇದು ಹೊರಗಿನಿಂದ ತಂದ ಕಲ್ಪನೆಯಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಮತ್ತೆ ಮತ್ತೆ ಬರುವ ದತ್ತಿಗಳು ಕೆರೆ ಕಟ್ಟಿಸಿದವರಿಗೆ, ಅದರ ಏರಿ-ತೂಬು ನೋಡಿಕೊಂಡವರಿಗೆ ಮೀಸಲಿಟ್ಟ ನೆಲ ಅಥವಾ ಬೆಳೆಯ ಪಾಲು. ಕೆರೆಯಿಂದ ಹುಟ್ಟಿದ ಫಲದ ಒಂದಂಶ ಕೆರೆಗೇ ಹೋಗಬೇಕೆಂಬುದು ಆ ಏರ್ಪಾಡಿನ ತಿರುಳು. ಗದ್ದೆಯ ಜಾಗದಲ್ಲಿ ಇಂದು ರೆಸ್ಟೋರೆಂಟು, ಅಪಾರ್ಟ್‌ಮೆಂಟು, ಐಟಿ ಪಾರ್ಕು ಬಂದಿವೆ. ಫಲ ಹೆಚ್ಚಿದೆ, ಪಾಲು ನಿಂತಿದೆ. ಕೆರೆಗೆ ವಾಪಸಾಗುತ್ತಿರುವುದು ಚರಂಡಿ ನೀರು. ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿದದ್ದು, ವರ್ತೂರು ಕೋಡಿಯಲ್ಲಿ ನೊರೆ ಹಾರಿ ದ್ವಿಚಕ್ರ ಸವಾರರ ಮೈಮೇಲೆ ಬಿದ್ದದ್ದು ದೇಶವೇ ಟೀವಿಯಲ್ಲಿ ನೋಡಿದ ಸಂಗತಿ. ಇದು ರೆಸ್ಟೋರೆಂಟುಗಳ ಪಾಪ ಮಾತ್ರವಲ್ಲ, ಮಹಾನಗರವೊಂದರ ಬಚ್ಚಲಿನ ಪಾಪ. ಆದರೆ ದೊಡ್ಡ ಅಡುಗೆಮನೆಯ ಎಣ್ಣೆ-ಜಿಡ್ಡು, ಪಾತ್ರೆ ತೊಳೆದ ಸೋಪಿನ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯಿಂದ ನೀರಿನ ಹೆಸರಲ್ಲಿ ಗಳಿಸುವವನು ತಪ್ಪಿಸಿಕೊಳ್ಳುವಂತಿಲ್ಲ.

ಇದೆಲ್ಲ ಉಳ್ಳವರ ಸುಖ ಕಂಡು ಪಡುವ ಹೊಟ್ಟೆಕಿಚ್ಚು ಎನ್ನುವವರೂ ಇದ್ದಾರೆ. ಪ್ರವಾಸೋದ್ಯಮದಿಂದ ಅದೇ ಮೀನುಗಾರರ ಮಕ್ಕಳಿಗೆ ಕೆಲಸ ಸಿಗುತ್ತದಲ್ಲ ಎಂದೂ ಕೇಳುತ್ತಾರೆ. ಸಿಗುತ್ತದೆ, ಸಿಗಲಿ. ದುಬಾರಿ ಊಟ ದುಬಾರಿಯಾಗಿಯೇ ಇರಲಿ. ಅಡುಗೆಯ ಕಲೆಗೆ, ಕಟ್ಟಡದ ಚೆಲುವಿಗೆ, ಬಡಿಸುವವನ ನಯಕ್ಕೆ ಎಷ್ಟು ಬೇಕಾದರೂ ಬೆಲೆ ಕಟ್ಟಲಿ. ತನ್ನ ತೀರಕ್ಕೆ ತಾನೇ ಕೆಲಸದ ಸಮವಸ್ತ್ರವಿಲ್ಲದೆ ಬರಲಾಗದ ಹುಡುಗನಿಗೆ ಆ ಕೆಲಸ ಎಷ್ಟು ಗೌರವ ತಂದೀತು ಎಂದಷ್ಟೇ ನಾನು ಕೇಳುವುದು. ದಾರಿ ಬಿಟ್ಟ ಮಾತ್ರಕ್ಕೆ ಅವನ ಕೆಲಸವೇನೂ ಹೋಗುವುದಿಲ್ಲ.

ಕೆರೆಯಂಚಿನಲ್ಲೋ ನದಿಯ ಬದಿಯಲ್ಲೋ ಕಡಲತೀರದಲ್ಲೋ ಊಟದ ಮೇಜು ಹಾಕಲು ಅನುಮತಿ ಕೊಡುವ ಪಾಲಿಕೆ, ಪಂಚಾಯಿತಿ, ಪ್ರವಾಸೋದ್ಯಮ ಇಲಾಖೆಗಳು ಪರವಾನಗಿ ಪತ್ರಕ್ಕೆ ಎರಡು ಷರತ್ತು ಸೇರಿಸಲಿ. ನೀರಿಗೂ ಮೇಜಿಗೂ ನಡುವೆ ಹಗಲು-ರಾತ್ರಿ ತೆರೆದಿರುವ, ಗೇಟಿಲ್ಲದ ಕಾಲುದಾರಿ ಇರಬೇಕು. ಪರವಾನಗಿ ಶುಲ್ಕದ ಗೊತ್ತಾದ ಪಾಲು ಬೇರೆ ಯಾವ ಖಾತೆಗೂ ಹೋಗದೆ ಅದೇ ನೀರಿನ ನಿರ್ವಹಣೆಗೆ ಸಲ್ಲಬೇಕು. ಮೇಜು ಕಾದಿರಿಸುವ ಗಿರಾಕಿಗಳೂ ಫೋನಿನಲ್ಲಿ ‘ಸೀ ವ್ಯೂ ಇದೆಯೇ’ ಎಂದು ಕೇಳುವಾಗ, ‘ಹೊರಗಿನವರಿಗೆ ನೀರಿನ ತನಕ ದಾರಿ ಇದೆಯೇ’ ಎಂದೂ ಕೇಳಲಿ. ಇಲ್ಲ ಎಂದರೆ ಬೇರೆ ಕಡೆ ಉಣ್ಣಬಹುದು. ಬಸ್ ನಿಲ್ದಾಣದ ಹಿಂದೆ ಮೀನೂಟ ಚೆನ್ನಾಗಿಯೇ ಇರುತ್ತದೆ.